ಮೇಷ್ಟ್ರು ಬರುವ ಮುಂಚೆ

ನರಸಿಂಹರಾಜಪುರ
12 ಮಾರ್ಚ್ 1978

ಕಲ್ಲೇಶಪ್ಪನಿಗೆ ನಿನ್ನ ಜಲಾಲುದ್ದೀನನ ಸಲಾಮು.

ಮೂರು ವರ್ಷ ಒಂದು ಕಾರ್ಡೂ ಹಾಕದವನು ಈಗ ಇನ್‌ಲ್ಯಾಂಡ್ ಲೆಟರ್ ತುಂಬ ಬರೆದಿದ್ದಾನೆ ಅಂದರೆ ಏನೋ ಕೆಲಸವಾಗಬೇಕಿದೆ ಅಂತ ಅಂದುಕೊಳ್ಳುತ್ತೀಯ. ಹೌದು ಮಾರಾಯ, ಕೆಲಸವೇ. ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ.

ನನ್ನ ಮಗಳು ಶಕೀಲಾ ಈ ಸಲ ಏಳನೇ ಕ್ಲಾಸಿನ ಪರೀಕ್ಷೆಗೆ ಕೂರುತ್ತಾಳೆ. ಅವಳ ಅಮ್ಮ ಹಾಸಿಗೆ ಹಿಡಿದಿದ್ದಾಗ ಎರಡು ವರ್ಷ ಶಾಲೆ ಬಿಟ್ಟು ಒಲೆ ಮುಂದೆ ಕೂತವಳು, ಅಮ್ಮ ತೀರಿಕೊಂಡ ನಲವತ್ತು ದಿನ ಕಳೆದ ಮೇಲೆ ತಾನೇ ಚೀಲ ಹುಡುಕಿಕೊಂಡು ಮತ್ತೆ ಹೊರಟಳು. ಹಾಗಾಗಿ ವಯಸ್ಸು ಹದಿನೈದು ಆಗಿದೆ. ಲೆಕ್ಕದಲ್ಲಿ ಬಲು ಚುರುಕು. ಹೈಸ್ಕೂಲಿಗೆ ಹೋಗಬೇಕು, ಆಮೇಲೆ ಟೀಚರ್ ಟ್ರೈನಿಂಗ್ ಮಾಡಬೇಕು ಅಂತ ಒಂದೇ ಹಟ.

ಅಲ್ಲೇ ಹೈಸ್ಕೂಲಿಲ್ಲವಾ ಅನ್ನಬೇಡ. ಹೈಸ್ಕೂಲೂ ಇದೆ, ನನ್ನ ಅಣ್ಣ ಮಹಮ್ಮದನೂ ಇದ್ದಾನೆ. ಮನೆ ಅವನದು, ನಾನು ಛತ್ರಿ, ಗ್ಯಾಸ್‌ಲೈಟ್ ರಿಪೇರಿ ಮಾಡುವ ಅಂಗಡಿಯ ಬಾಗಿಲೂ ಅವನದು. ನಮ್ಮ ಮನೆಯ ಹೆಣ್ಣುಮಕ್ಕಳು ಏಳನೇ ಕ್ಲಾಸು ದಾಟಿದ್ದಿಲ್ಲ. ತಿಂಗಳುಗಟ್ಟಲೆ ಜಗಳವಾಡಿದ ಮೇಲೆ ಮೊನ್ನೆ ಒಂದು ಮಾತಿಗೆ ಬಂದ. "ನನ್ನ ಕಣ್ಣೆದುರು ಬೇಡ. ದೂರ ಕರ್ಕೊಂಡು ಹೋಗಿ ಓದಿಸ್ತೀಯಾ, ಓದ್ಸು. ಆದ್ರೆ ಅವಳ ಬಗ್ಗೆ ಒಂದೇ ಒಂದು ಮಾತು ಈ ಊರಿಗೆ ಬರ್ಲಿ, ಅವತ್ತೇ ಗಂಡು ನೋಡ್ತೀನಿ. ಆಗ ನೀನು ಬಾಯಿ ಬಿಡಬಾರ್ದು" ಅಂದ. ನಾನು ಒಪ್ಪಿದೆ. ಬೇರೆ ದಾರಿ ಇರಲಿಲ್ಲ.

ಹಾಗಾಗಿ ಊರು ಹುಡುಕುತ್ತಿದ್ದೇನೆ. ಶೃಂಗೇರಿಯಲ್ಲಿ ನನಗೆ ಯಾರೂ ಗೊತ್ತಿಲ್ಲ. ಕೊಪ್ಪದಲ್ಲಿ ಬಾಡಿಗೆ ಮನೆ ಸಿಗುವುದು ಕಷ್ಟ. ನಿನ್ನ ಹೊನ್ನೆಹಡ್ಲಿನಲ್ಲಿ ನನ್ನ ತಂಗಿ ರಹೀಮುನ್ನೀಸಾ ಇದ್ದಾಳೆ, ಅವಳ ಗಂಡ ಅಬ್ದುಲ್ ವಹಾಬ್ ಒಣಮೀನಿನ ಅಂಗಡಿ ಇಟ್ಟಿದ್ದಾನೆ. ಜೂನ್‌ನಲ್ಲಿ ಮಗಳನ್ನು ಅಲ್ಲಿ ಬಿಟ್ಟು, ಮಳೆಗಾಲದ ಛತ್ರಿ ಕೆಲಸ ಮುಗಿಸಿ ನಾನೂ ಬಂದುಬಿಡುವ ಯೋಚನೆ. ನೀನು ಆ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಪಾಠ ಮಾಡುವವರಿಗೆ ಪುಸ್ತಕ ಗೊತ್ತಿರುತ್ತದೆ, ಮಕ್ಕಳು ಗೊತ್ತಿರುವುದು ನಿನಗೆ.

ನನಗೆ ರಿಸಲ್ಟು ಎಷ್ಟು ಪರ್ಸೆಂಟು ಅಂತ ಬೇಡ. ಹುಡುಗರು ಎಂಥವರು ಹೇಳು. ಹೆಣ್ಣುಮಕ್ಕಳು ಅಂಗಳ ದಾಟುವಾಗ ಕೂಗುತ್ತಾರಾ? ನಮ್ಮ ಜಾತಿಯ ಹುಡುಗಿ ಇನ್ನೊಬ್ಬಳು ಇದ್ದಾಳಾ, ಇವಳೊಬ್ಬಳೇ ಆಗುತ್ತಾಳಾ? ನೀರು ಎಲ್ಲಿ ಕುಡಿಯಬೇಕು, ಯಾರು ಕೊಡುತ್ತಾರೆ? ತಲೆ ಮೇಲೆ ಸೆರಗು ಹಾಕಿ ಕೂತರೆ ನಗುತ್ತಾರಾ? ಅಳುಕದೆ ಇದ್ದದ್ದು ಇದ್ದ ಹಾಗೆ ಬರಿ. ಕೆಟ್ಟದ್ದಿದ್ದರೂ ಬರಿ.

ಜಲಾಲ


ಹೊನ್ನೆಹಡ್ಲು
25 ಮಾರ್ಚ್ 1978

ಎಂತ ಮಾರಾಯ ಜಲಾಲ,

ಬದುಕಿದ್ದೀಯಾ! ನಿನ್ನ ಅಕ್ಷರ ನೋಡಿ ನನ್ನ ಹೆಂಡತಿ ಸುಲೋಚನ, "ಇದು ಯಾರದ್ರೀ, ಕೋರ್ಟ್ ನೋಟೀಸ್ ಇದ್ದ ಹಾಗೆ ಇದೆ" ಅಂದಳು. ಅಷ್ಟೊಂದು ಪ್ರಶ್ನೆ ಇನ್‌ಸ್ಪೆಕ್ಟರೂ ಕೇಳುವುದಿಲ್ಲ. ನಮ್ಮ ಹೈಸ್ಕೂಲು ನೋಡಲು ಬರುವವರು ಫಲಿತಾಂಶದ ಬೋರ್ಡು ನೋಡಿ ಹೋಗುತ್ತಾರೆ. ನೀನೊಬ್ಬನೇ ಹುಡುಗರ ನಡತೆ ಕೇಳಿದವನು. ಅದಕ್ಕೆ ನೀನು ನನ್ನ ಗೆಳೆಯ.

ಕೇಳು. ಹುಡುಗರು ಹಳ್ಳಿ ಹುಡುಗರು, ಪೇಟೆಯ ಪೋಲಿಗಳಲ್ಲ. ಒಬ್ಬರಿಗೊಬ್ಬರು ಹೊಡೆದಾಡಿಕೊಳ್ಳುತ್ತಾರೆ, ಹುಡುಗಿಯರ ಕಡೆ ತಲೆಯೆತ್ತುವುದಿಲ್ಲ. ತಲೆಯೆತ್ತಿದರೆ ನನ್ನ ವಿಷಲ್ ಇದೆ, ಬೆತ್ತ ಇದೆ. ಒಟ್ಟು ಹನ್ನೊಂದು ಹುಡುಗಿಯರು. ನಿಮ್ಮವರು ಯಾರೂ ಇಲ್ಲ, ಇವಳೇ ಮೊದಲನೆಯವಳು. ಯಾರಾದರೂ ಮೊದಲಿಗರು ಆಗಲೇಬೇಕಲ್ಲ! ಹುಡುಗಿಯರಿಗೆ ಪ್ರತ್ಯೇಕ ಕೋಣೆ ಉಂಟು, ಒಳಗಿನಿಂದ ಚಿಲಕ ಉಂಟು. ಕ್ಲಾಸಿನಲ್ಲಿ ಅವರಿಗೇ ಮೊದಲನೇ ಬೆಂಚು. ನೀರು ಬಾವಿಯದು, ಜವಾನ ಗುರುವ ಸೇದಿ ಹಂಡೆಗೆ ತುಂಬುತ್ತಾನೆ, ಎಲ್ಲರಿಗೂ ಒಂದೇ ಹಂಡೆ. ಸೆರಗು ಹಾಕಿಕೊಳ್ಳಲಿ, ಹಾಕದೆ ಇರಲಿ, ಯಾರು ಕೇಳುತ್ತಾರೆ.

ನಾನು ಅಲ್ಲಿ ಇರುವಾಗ ನಿನ್ನ ಮಗಳು ನನ್ನ ಮಗಳೇ. ನನಗೂ ಇಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಯಾರೂ ಇಲ್ಲ. ನೀನು ಬಂದರೆ ಸಂಜೆ ಹೊತ್ತು ನಿನ್ನ ಅಂಗಡಿ ಕಟ್ಟೆಯ ಮೇಲೆ ಕೂತು ಎರಡು ಎಲೆ ಹಾಕಬಹುದು. ಅನುಮಾನ ಇದ್ದರೆ ಖುದ್ದು ಬಂದು ಶಾಲೆ ನೋಡಿಕೊಂಡು ಹೋಗು. ದೂರದ ಬೆಟ್ಟ ನುಣ್ಣಗೆ ಅಂತ ಆಮೇಲೆ ನನ್ನ ಬೈಯಬೇಡ.

ನಿನ್ನ ಕಲ್ಲೇಶಪ್ಪ


ನರಸಿಂಹರಾಜಪುರ
19 ಮೇ 1978

ಕಲ್ಲೇಶಪ್ಪಾ,

ಸುಲೋಚನಮ್ಮನ ಕೈಯ ಹಲಸಿನ ಕಡುಬು ಇನ್ನೂ ಬಾಯಲ್ಲಿದೆ. ಮುಸಲ್ಮಾನ ಗೆಳೆಯನಿಗೆ ಒಳಮನೆಯಲ್ಲೇ ಎಲೆ ಹಾಕಿಸಿದೆಯಲ್ಲ, ಅದನ್ನು ಮರೆಯುವುದಿಲ್ಲ.

ಬೇಸಗೆ ರಜೆಯಲ್ಲಿ ಶಾಲೆ ನೋಡಲು ಹೋದವನು ನಾನೊಬ್ಬನೇ ಇರಬೇಕು. ನರಪಿಳ್ಳೆಯೂ ಇಲ್ಲದ ಶಾಲೆ. ಆದರೂ ಬಂದದ್ದು ಒಳ್ಳೆಯದಾಯಿತು. ನಾನು ಏನು ನೋಡುತ್ತಿದ್ದೆ ಅಂತ ನಿನಗೆ ಗೊತ್ತಾಗಲಿಲ್ಲ, ಈಗ ಹೇಳುತ್ತೇನೆ. ಗೋಡೆ ನೋಡುತ್ತಿದ್ದೆ. ಒಂದು ಊರಿನ ಹುಡುಗರ ನಡತೆ ತಿಳಿಯಬೇಕಾದರೆ ಮೇಷ್ಟ್ರನ್ನು ಕೇಳಬಾರದು, ಶಾಲೆಯ ಹಿಂದಿನ ಗೋಡೆ ಓದಬೇಕು. ನಿನ್ನ ಶಾಲೆಯ ಸುತ್ತ ಒಂದು ಸುತ್ತು ಬಂದೆ. ಇದ್ದಲಿನ ಒಂದು ಗೆರೆ ಇಲ್ಲ, ಒಂದು ಹೆಸರಿಲ್ಲ, ಹಾಲಿನಂಥ ಗೋಡೆ! ಹುಡುಗಿಯರ ಕೋಣೆಯ ಚಿಲಕ ನಾನೇ ಹಾಕಿ ತೆಗೆದು ನೋಡಿದೆ. ಗಟ್ಟಿಯಿದೆ.

ಅಣ್ಣನಿಗೆ ಎಲ್ಲ ಹೇಳಿದೆ. "ಖಾಲಿ ಮನೆ ನೋಡಿ ಸಂಬಂಧ ಕುದುರಿಸಿದಂಗೆ ಆಯ್ತು" ಅಂತ ಗೊಣಗಿದ. ಅವನ ಬಾಯಿಂದ ಯಾವತ್ತು ಒಳ್ಳೆ ಮಾತು ಬಂದಿದೆ ಹೇಳು.

ಶಕೀಲಾ ಫಸ್ಟ್ ಕ್ಲಾಸಿನಲ್ಲಿ ಪಾಸು. ಲೆಕ್ಕದಲ್ಲಿ ತೊಂಬತ್ತೊಂದು. ಜೂನ್ ಮೊದಲ ವಾರ ತಂಗಿಯ ಮನೆಗೆ ತಂದು ಬಿಡುತ್ತೇನೆ. ಇಲ್ಲಿಂದ ಮುಂದೆ ಅವಳು ನಿನ್ನ ಕೈಯಲ್ಲಿ.

ಜಲಾಲ


ಹೊನ್ನೆಹಡ್ಲು
14 ಜೂನ್ 1978

ಪ್ರಿಯ ಜಲಾಲ,

ಸೋಮವಾರ ಶಾಲೆ ಶುರುವಾಯಿತು. ನಿನ್ನ ಮಗಳ ವರದಿ ಒಪ್ಪಿಸುತ್ತಿದ್ದೇನೆ, ಹುಜೂರ್.

ಮೊದಲ ದಿನ ಅವಳು ಎಲ್ಲರಿಗಿಂತ ಮುಂಚೆ ಕ್ಲಾಸಿನಲ್ಲಿ ಹಾಜರ್! ಮೇಷ್ಟ್ರು ಇನ್ನೂ ಸ್ಟಾಫ್ ರೂಮಿನಲ್ಲಿ ಚಾ ಕುಡಿಯುತ್ತಿದ್ದಾರೆ, ಇವಳು ಮೊದಲನೇ ಬೆಂಚಿನಲ್ಲಿ ಪುಸ್ತಕ ತೆಗೆದು ಕೂತಿದ್ದಾಳೆ. ಹುಡುಗರು ಸ್ವಲ್ಪ ಗಲಾಟೆ ಎಬ್ಬಿಸಿದರು, ಹೊಸಬರು ಬಂದಾಗ ಅದು ಇದ್ದದ್ದೇ. ನಾನು ಫೀಲ್ಡಿನಿಂದಲೇ ವಿಷಲ್ ಊದಿದೆ, ಗಪ್‌ಚಿಪ್. ಎರಡನೇ ದಿನದಿಂದ ಬೇರೆ ಹುಡುಗಿಯರ ಜೊತೆ ಹೊಂದಿಕೊಂಡಿದ್ದಾಳೆ.

ಮಳೆ ಹಿಡಿದಿದೆ. ನಿನ್ನ ಛತ್ರಿ ವ್ಯಾಪಾರಕ್ಕೆ ಸುಗ್ಗಿ. ಬೇಗ ಮುಗಿಸಿ ಬಾ.

ಕಲ್ಲೇಶಪ್ಪ


ನರಸಿಂಹರಾಜಪುರ
22 ಜೂನ್ 1978

ಕಲ್ಲೇಶಪ್ಪಾ,

ನಿನ್ನ ಕಾಗದ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅಣ್ಣನಿಗೂ ಗಟ್ಟಿಯಾಗಿ ಓದಿ ಹೇಳಿದೆ. "ಕೇಳಿದ್ಯಾ, ಮೊದ್ಲ ದಿನಾನೇ ಎಲ್ಲರಿಗಿಂತ ಮುಂಚೆ! ಮೇಷ್ಟ್ರಿಗಿಂತ ಮುಂಚೆ!" ಅಂದೆ. ಅವನು ಏನೂ ಹೇಳಲಿಲ್ಲ. ಏನೂ ಹೇಳದಿದ್ದರೆ ಅವನ ಭಾಷೆಯಲ್ಲಿ ಮೆಚ್ಚಿಗೆ.

ಅಂಗಡಿಗೆ ಬರುವವರಿಗೆಲ್ಲ ಹೇಳುತ್ತಿದ್ದೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನಗಬೇಡ. ಇಲ್ಲಿಯ ಮಿಡ್ಲ್ ಸ್ಕೂಲಿನಲ್ಲಿ ಗಂಟೆ ಹೊಡೆದಾಗ ಯಾರು ಮೊದಲು ಓಡಿ ಕೂರುತ್ತಾರೋ ಅವರದೇ ಬೆಂಚು. ಅಲ್ಲಿಯೂ ಯಾವತ್ತೂ ಇವಳದೇ ಮೊದಲನೇ ಬೆಂಚು.

ದಿನಕ್ಕೆ ಮೂವತ್ತು ಛತ್ರಿ ಬರುತ್ತಿವೆ. ಕಡ್ಡಿ ಚುಚ್ಚಿ ಬೆರಳೆಲ್ಲ ತೂತು. ಅಕ್ಟೋಬರಿಗೆ ಬರುತ್ತೇನೆ.

ಜಲಾಲ


ಹೊನ್ನೆಹಡ್ಲು
20 ಆಗಸ್ಟ್ 1978

ಪ್ರಿಯ ಜಲಾಲ,

ಕಾಗದ ತಡವಾಯಿತು. ಸ್ವಾತಂತ್ರ್ಯ ದಿನದ ಕವಾಯತು ಅಂದರೆ ಡ್ರಿಲ್ ಮೇಷ್ಟ್ರಿಗೆ ಮದುವೆ ಮನೆ ಇದ್ದ ಹಾಗೆ, ನಿನಗೆ ಗೊತ್ತು. ಮಳೆಯಲ್ಲೇ ನಡೆಸಿದೆ. ಕೊಪ್ಪದಿಂದ ಬಂದ ಅತಿಥಿಗಳು ಹೊಗಳಿ ಹೋದರು.

ಈ ನಡುವೆ ಒಂದಿಬ್ಬರು ಕಿಡಿಗೇಡಿಗಳು ಶಾಲೆಯ ಹಿಂದಿನ ಗೋಡೆಯಲ್ಲಿ ಏನೋ ಗೀಚಿದ್ದರು. ನಾನು ಬಿಡುತ್ತೇನಾ? ಬೆಳಗಿನ ಪ್ರಾರ್ಥನೆಗೆ ಇಡೀ ಶಾಲೆ ನಿಂತಿದ್ದಾಗ ಎಲ್ಲರೆದುರು ಎಳೆದು ನಾಲ್ಕು ಬಿಗಿದೆ. ಈಗ ಶಾಲೆ ಸೂಜಿ ಬಿದ್ದರೂ ಕೇಳುವಷ್ಟು ಶಾಂತ.

ಅದು ಬಿಡು, ಬೇರೆ ವಿಷಯ. ಶಕೀಲಾಗೆ ನಾಲ್ಕು ದಿನದಿಂದ ಸ್ವಲ್ಪ ಜ್ವರ. ಶಾಲೆಗೆ ಬಂದಿಲ್ಲ. ಗಾಬರಿಯಾಗುವಂಥದ್ದು ಏನೂ ಇಲ್ಲ, ಈ ಮಳೆಗೆ ಯಾರಿಗೆ ಜ್ವರ ಇಲ್ಲ ಹೇಳು. ನೀನು ಕೆಲಸ ಬಿಟ್ಟು ಓಡಿ ಬರಬೇಡ. ನಾನೇ ನೋಡಿಕೊಳ್ಳುತ್ತೇನೆ. ಎಲ್ಲ ಚೆನ್ನಾಗಿದೆ.

ಕಲ್ಲೇಶಪ್ಪ


ನರಸಿಂಹರಾಜಪುರ
29 ಆಗಸ್ಟ್ 1978

ಕಲ್ಲೇಶಪ್ಪಾ,

ಜ್ವರ ಅಂದೆಯಲ್ಲ, ನನಗೆ ಅರ್ಥವಾಯಿತು. ರಂಜಾನ್ ಉಪವಾಸ. ಮೂವತ್ತೂ ಹಿಡಿಯುತ್ತೇನೆ ಅಂತ ಹಟ ಮಾಡುತ್ತಾಳೆ, ಮಳೆಯಲ್ಲಿ ನೆನೆದು ಶಾಲೆಗೆ ನಡೆಯುತ್ತಾಳೆ, ಇನ್ನೇನಾಗುತ್ತದೆ. ತಂಗಿಗೆ ಕಾರ್ಡು ಬರೆದಿದ್ದೇನೆ, ಶಾಲೆ ಇರುವ ದಿನ ಉಪವಾಸ ಬೇಡ ಅಂತ.

ಒಂದು ಮಾತು ಕೇಳಲಾ? ಮೊದಲೆಲ್ಲ ಅವಳ ಕಾರ್ಡು ಅಂದರೆ ಅಂಚಿನಲ್ಲೂ ಜಾಗ ಬಿಡುತ್ತಿರಲಿಲ್ಲ. ವಿಳಾಸದ ಪಕ್ಕದಲ್ಲೂ ಒಂದು ಸಾಲು ತುರುಕುತ್ತಿದ್ದಳು. ಈಗ ಬಂದದ್ದರಲ್ಲಿ ಎರಡೇ ಸಾಲು. "ಅಬ್ಬಾ, ನಾನು ಚೆನ್ನಾಗಿದ್ದೇನೆ. ನೀವು ಬೇಗ ಬನ್ನಿ." ದೊಡ್ಡವಳಾಗುತ್ತಿದ್ದಾಳೆ, ಮಾತು ಕಡಿಮೆಯಾಗಿದೆ ಅಂದುಕೊಂಡಿದ್ದೇನೆ. ಹೌದು ತಾನೇ?

ಜಲಾಲ


ನರಸಿಂಹರಾಜಪುರ
2 ಅಕ್ಟೋಬರ್ 1978

ಕಲ್ಲೇಶಪ್ಪ,

ನನ್ನ ಹಿಂದಿನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಯಾಕೆ ಅಂತ ಈಗ ಗೊತ್ತಾಯಿತು.

ಹೋದ ವಾರ ಅಣ್ಣ ಮೆಣಸಿನಕಾಯಿ ಮೂಟೆ ಹಾಕಿಕೊಂಡು ಕೊಪ್ಪದ ಸಂತೆಗೆ ಹೋಗಿದ್ದ. ಅಲ್ಲಿ ಯಾರೋ ಹೊನ್ನೆಹಡ್ಲಿನವರು ಚಾ ಕುಡಿಯುತ್ತಾ ಕೇಳಿದರಂತೆ, "ಆ ಫಸ್ಟ್ ಬೆಂಚು ಅಂತಾರಲ್ಲ, ಆ ಹುಡುಗಿ ನಿಮ್ಮ ಪೈಕಿ ಅಲ್ವನಾ? ಶಾಲೇಲಿ ಅವಳ ದೆಸೆಯಿಂದ ಒಬ್ಬ ಹುಡುಗಂಗೆ ಹೊಡೆತ ಬಿತ್ತಂತಲ್ಲ ಮಾರಾಯ್ರೆ" ಅಂತ. ಅಣ್ಣ ಮೂಟೆ ಅಲ್ಲೇ ಬಿಟ್ಟು ಹೊನ್ನೆಹಡ್ಲಿಗೆ ಹೋಗಿ ಅವಳನ್ನು ಸಂಜೆ ಬಸ್ಸಿಗೆ ಕರೆತಂದ.

ಮಗಳನ್ನು ಕೂರಿಸಿಕೊಂಡು ಕೇಳಿದೆ. ಅವಳು ಅಳಲಿಲ್ಲ. ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಮೊದ್ಲ ದಿನ ಗಂಟೆ ಹೊಡೀತು ಅಬ್ಬಾ. ಹುಡುಗ್ರು ಒಳಗೆ ಹೋದ್ರು, ನಾನೂ ಹೋದೆ. ಮೊದ್ಲನೇ ಬೆಂಚು ಖಾಲಿ ಇತ್ತು, ಕೂತ್ಕೊಂಡೆ. ಎಲ್ರೂ ಹೋ ಅಂತ ಕೂಗಿದ್ರು, ಬೆಂಚು ಬಡಿದ್ರು. ಎಂತಕ್ಕೆ ಅಂತ ಗೊತ್ತಾಗ್ಲಿಲ್ಲ. ಅಲ್ಲಿ ಹುಡುಗೀರು ತಮ್ಮ ಕೋಣೇಲೇ ಕಾಯ್ಬೇಕಂತೆ. ಮೇಷ್ಟ್ರು ಹೊರಟ ಮೇಲೆ ಅವ್ರ ಬೆನ್ನ ಹಿಂದೆ ಸಾಲಾಗಿ ಕ್ಲಾಸಿಗೆ ಹೋಗ್ಬೇಕಂತೆ, ಪಾಠ ಮುಗಿದ್ರೆ ಅವ್ರ ಹಿಂದೇನೇ ಹೊರಗೆ ಬರ್ಬೇಕಂತೆ. ಮೇಷ್ಟ್ರು ಬರೋಕೆ ಮುಂಚೆ ಹುಡುಗರ ಮಧ್ಯೆ ಹೋಗಿ ಕೂತವಳು ಅಂದ್ರೆ ಎಂಥವಳು ಅಂತ ಆಡ್ಕೊಂಡು ಅವತ್ತೇ ಫಸ್ಟ್ ಬೆಂಚು ಅಂತ ಹೆಸರು ಇಟ್ರು. ಬೇರೆ ಹುಡುಗೀರು ಯಾರೂ ನನ್ನ ಪಕ್ಕ ಕೂರಲಿಲ್ಲ. ನಂಗೆ ಯಾರೂ ಹೇಳಿರ್ಲಿಲ್ಲ. ಒಬ್ರು ಹೇಳಿದ್ರೆ ಹೊರಗೇ ನಿಲ್ತಿದ್ದೆ."

ಆಮೇಲೆ ಗೋಡೆಯ ಮೇಲೆ ಅವಳ ಹೆಸರು, ಗಣಪತಿ ಅನ್ನುವ ಹುಡುಗನ ಹೆಸರು. ನೀನು ಎಲ್ಲರೆದುರು ಹೊಡೆದದ್ದು ಅವನಿಗೆ. ಹೊಡೆಯುವಾಗ ಅವಳ ಹೆಸರು ಕೂಗಿದೆಯಂತೆ. ಜ್ವರ ಅಂತ ನನಗೆ ಬರೆದೆ!

ಮೇಷ್ಟ್ರ ಹಿಂದೆ ಸಾಲಾಗಿ ಹೋಗಬೇಕು ಅಂತ ಒಂದು ಸಾಲು ಬರೆಯಲು ನಿನಗೆ ಏನಾಗಿತ್ತು? ನೀರಿನ ಹಂಡೆಯ ಬಗ್ಗೆ ಬರೆದೆ, ಚಿಲಕದ ಬಗ್ಗೆ ಬರೆದೆ. ನಾನು ಕೇಳಲಿಲ್ಲ ಅನ್ನುತ್ತೀಯಾ? ಅಂಥ ಒಂದು ರಿವಾಜು ಇದೆ ಅಂತ ಗೊತ್ತಿದ್ದರೆ ತಾನೇ ಕೇಳುವುದು.

ಜಗಳಕ್ಕೆ ಸಮಯವಿಲ್ಲ. ಅಣ್ಣ ತರೀಕೆರೆಯಲ್ಲಿ ಗಂಡು ನೋಡಿದ್ದಾನೆ. ಸೌದೆ ಡಿಪೋದಲ್ಲಿ ರೈಟರು, ವಯಸ್ಸು ಇಪ್ಪತ್ತೇಳು. ಬಕ್ರೀದ್ ಆದ ಮೇಲೆ ನಿಖಾ ಅನ್ನುತ್ತಿದ್ದಾನೆ. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ" ಅಂತ ಒಂದೇ ಮಾತು. ಕಾಲು ಹಿಡಿದೆ. ಕೊನೆಗೆ, "ಆ ಮೇಷ್ಟ್ರು ಬರೆದು ಕೊಡ್ಲಿ, ಹುಡುಗಿ ತಪ್ಪಿಲ್ಲ, ತಪ್ಪೆಲ್ಲ ಶಾಲೇದು ಅಂತ. ಸಹಿ ಹಾಕಿ ಕೊಡ್ಲಿ. ಜಮಾತಿನವರ ಮುಂದೆ ಇಡ್ತೀನಿ. ಆಗ ಶೃಂಗೇರಿಗಾದ್ರೂ ಕಳ್ಸು, ಎಲ್ಲಿಗಾದ್ರೂ ಕಳ್ಸು" ಅಂದ.

ಒಂದು ಪುಟ ಬರಿ ಕಲ್ಲೇಶಪ್ಪಾ. ನಡೆದದ್ದು ಬರಿ. ಅವಳಿಗೆ ರಿವಾಜು ಗೊತ್ತಿರಲಿಲ್ಲ, ಯಾರೂ ಹೇಳಲಿಲ್ಲ, ಗೋಡೆಗೂ ಅವಳಿಗೂ ಸಂಬಂಧವಿಲ್ಲ, ಅಷ್ಟೇ ಸಾಕು. ನಿನಗೆ ಕೈ ಮುಗಿದು ಕೇಳುತ್ತೇನೆ. ಬೇಗ.

ಜಲಾಲುದ್ದೀನ್


ಹೊನ್ನೆಹಡ್ಲು
19 ಅಕ್ಟೋಬರ್ 1978

ಶ್ರೀ ಜಲಾಲುದ್ದೀನ್ ಅವರಿಗೆ ಕಲ್ಲೇಶಪ್ಪನ ವಂದನೆಗಳು.

ತಮ್ಮ ಪತ್ರ ತಲುಪಿತು. ತಮ್ಮ ಪುತ್ರಿ ಕುಮಾರಿ ಶಕೀಲಾ ನಮ್ಮ ಶಾಲೆಯಲ್ಲಿ ಎಂಟನೇ ತರಗತಿಯಲ್ಲಿ ಜೂನ್‌ನಿಂದ ವ್ಯಾಸಂಗ ಮಾಡುತ್ತಿದ್ದು, ನನಗೆ ತಿಳಿದಮಟ್ಟಿಗೆ ಓದಿನಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿನಿ. ಆಗಸ್ಟ್‌ನಲ್ಲಿ ನಡೆದ ಘಟನೆ ವಿಷಾದಕರ. ಶಾಲೆಯು ತಕ್ಷಣ ಶಿಸ್ತಿನ ಕ್ರಮ ಕೈಗೊಂಡಿದೆ. ಮುಂದೆ ಎರಡೂ ಕಡೆಯಿಂದ ಇಂಥ ವರ್ತನೆ ಆಗದಂತೆ ಎಚ್ಚರ ವಹಿಸಲಾಗುವುದು. ಆದದ್ದನ್ನು ಮರೆತು ಹುಡುಗಿಯನ್ನು ಕ್ಷಮಿಸಿ ಮುಂದಿನ ಭವಿಷ್ಯದ ಬಗ್ಗೆ ತಾವು ಯೋಚಿಸಬೇಕಾಗಿ ಕೋರುತ್ತೇನೆ.

ಇಂತು,
ಕಲ್ಲೇಶಪ್ಪ
ದೈಹಿಕ ಶಿಕ್ಷಕರು


ನರಸಿಂಹರಾಜಪುರ
30 ಅಕ್ಟೋಬರ್ 1978

ಮೇಷ್ಟ್ರೇ,

ನಿಮ್ಮ ಕಾಗದ ಬಂದಾಗ ನಾನು ಮಸೀದಿಯ ಹತ್ತಿರ ಇದ್ದೆ. ಅಂಚೆಯವನು ಅಂಗಡಿಯಲ್ಲಿ ಕೊಟ್ಟು ಹೋದ. ನಾನು ಬರುವಷ್ಟರಲ್ಲಿ ಅಣ್ಣ ಒಡೆದು ಓದಿದ್ದ. ಅವನಿಗೆ ಕನ್ನಡ ನನಗಿಂತ ಚೆನ್ನಾಗಿ ಬರುತ್ತದೆ.

"ಎರಡೂ ಕಡೆಯಿಂದ ಅಂತ ಬರೆದಿದ್ದಾರೆ" ಅಂದ. "ಕ್ಷಮಿಸಿ ಅಂತ ಬರೆದಿದ್ದಾರೆ. ತಪ್ಪು ಮಾಡದವಳನ್ನ ಯಾರಾದ್ರೂ ಕ್ಷಮಿಸ್ತಾರಾ ಜಲಾಲ?" ಅಂತ ಕೇಳಿದ. ಸಿಟ್ಟು ಮಾಡಿಕೊಂಡಿರಲಿಲ್ಲ. ಕಾಗದ ಮಡಿಸಿ ನನ್ನ ಜೇಬಿಗೆ ಅವನೇ ಇಟ್ಟ.

ನಾನು ಬಾಯಿ ಬಿಡುವುದಿಲ್ಲ ಅಂತ ಮಾರ್ಚಿನಲ್ಲೇ ಮಾತು ಕೊಟ್ಟಿದ್ದೆ. ನವೆಂಬರ್ ಇಪ್ಪತ್ತಾರಕ್ಕೆ ನಿಖಾ. ನಿಮ್ಮನ್ನು ಕರೆಯುವುದಿಲ್ಲ.

ಜಲಾಲುದ್ದೀನ್


ಹೊನ್ನೆಹಡ್ಲು
24 ನವೆಂಬರ್ 1978

ಜಲಾಲ,

ಇದು ನಿನ್ನ ಕೈ ಸೇರುವಾಗ ನಿಖಾ ಆಗಿರುತ್ತದೋ ಇಲ್ಲವೋ ಗೊತ್ತಿಲ್ಲ. ತಂತಿ ಕೊಡೋಣ ಅಂತ ಕೊಪ್ಪದ ಪೋಸ್ಟಾಫೀಸಿಗೆ ಹೋದೆ. ಫಾರಂ ಮುಂದೆ ನಿಂತರೆ ಹತ್ತು ಶಬ್ದದಲ್ಲಿ ಹೇಳುವುದು ಏನು ಅಂತ ಹೊಳೆಯಲಿಲ್ಲ, ವಾಪಸ್ ಬಂದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಈಗ ಬರೆಯುತ್ತಿದ್ದೇನೆ. ಬೈಯಿ, ಓದು.

ನೀನು ಮಾರ್ಚಿನಲ್ಲಿ ಕೇಳಿದಾಗಲೇ ನಾನು ಸುಳ್ಳು ಹೇಳಿದೆ. ನಮ್ಮ ಶಾಲೆಯಲ್ಲಿ ಇನ್ನೂರು ಮಕ್ಕಳು ತುಂಬದಿದ್ದರೆ ಡ್ರಿಲ್ ಮೇಷ್ಟ್ರ ಹುದ್ದೆ ತೆಗೆಯುತ್ತೇವೆ ಅಂತ ಆಡಳಿತದವರು ಹೇಳಿದ್ದರು. ನೂರ ತೊಂಬತ್ತಮೂರು ಇತ್ತು. ನಾನು ಮನೆಮನೆ ಸುತ್ತುತ್ತಿದ್ದೆ. ಆಗ ನಿನ್ನ ಕಾಗದ ಬಂತು. ನೀನು ಹತ್ತಿರ ಬಂದು ಇರುತ್ತೀಯ ಅನ್ನುವ ಆಸೆಯೂ ಇತ್ತು, ಅದು ಸುಳ್ಳಲ್ಲ. ಆದರೆ ಮೊದಲು ನೆನಪಾದದ್ದು ನೂರ ತೊಂಬತ್ತನಾಲ್ಕು.

ನೀನು ನೋಡಿ ಮೆಚ್ಚಿದ ಗೋಡೆಗೆ ನಾನೇ ಗುರುವನ ಕೈಲಿ ಸುಣ್ಣ ಹೊಡೆಸಿದ್ದೆ, ನೀನು ಬರುವ ನಾಲ್ಕು ದಿನ ಮುಂಚೆ. ಅದರಲ್ಲಿ ಭೈರಮ್ಮನ ಹೆಸರಿತ್ತು. ಕೂಲಿ ಕೆಲಸದ ಗಿಡ್ಡಯ್ಯನ ಮಗಳು. ಒಂಬತ್ತನೇ ಕ್ಲಾಸಿನಲ್ಲಿದ್ದಳು. ಒಂದು ದಿನ ಮೇಷ್ಟ್ರ ಹಿಂದಿನ ಸಾಲಿನಲ್ಲಿ ಕೊನೆಯವಳಾಗಿ ಬರುತ್ತಾ ಕಾಲು ಜಾರಿ ಬಿದ್ದಳು, ಹುಡುಗನೊಬ್ಬ ಕೈ ಕೊಟ್ಟು ಎಬ್ಬಿಸಿದ. ಅಷ್ಟಕ್ಕೇ ಗೋಡೆ ತುಂಬಿತು. ಗಿಡ್ಡಯ್ಯ ಬಂದು ಕೈ ಕಟ್ಟಿ ನಿಂತು, "ಎಂತ ಮಾಡ್ಲಿ ಅಯ್ಯಾ, ಬಿಡಿಸಿಬಿಡ್ತೆ" ಅಂದ. ನಾವು ಬೇಡ ಅನ್ನಲಿಲ್ಲ. ಈಗ ಅವಳು ಕಾಫಿ ತೋಟದಲ್ಲಿ ಕಳೆ ತೆಗೆಯುತ್ತಾಳೆ.

ಆ ಸಾಲಿನ ರಿವಾಜು ನಿನಗೆ ಹೇಳಬಾರದು ಅಂತ ಬಚ್ಚಿಟ್ಟದ್ದಲ್ಲ ಜಲಾಲ. ಅದೊಂದನ್ನು ನಂಬು. ಹದಿನಾಲ್ಕು ವರ್ಷದಿಂದ ದಿನಾ ನೋಡಿ ನೋಡಿ ಅದು ನನ್ನ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು. ಆದರೆ ಮೊದಲ ದಿನ ಕೂಗು ಕೇಳಿ ಕಿಟಕಿಯಿಂದ ನೋಡಿದೆ. ಅರುವತ್ತು ಹುಡುಗರ ನಡುವೆ ಇವಳೊಬ್ಬಳೇ ಪುಸ್ತಕ ತೆಗೆದು ಕೂತಿದ್ದಳು. ಆಗಲೇ ಒಳಗೆ ಹೋಗಿ, "ಬಾ ಮಗಳೇ" ಅಂತ ಕರೆದುಕೊಂಡು ಬಂದಿದ್ದರೆ ಮುಗಿಯುತ್ತಿತ್ತು. ನನಗೆ ನಗು ಬಂತು. ನಿನಗೆ ಬರೆಯಲು ಒಳ್ಳೆ ತಮಾಷೆ ಸಿಕ್ಕಿತು ಅಂದುಕೊಂಡೆ.

ಗಣಪತಿಯದು ಏನೂ ತಪ್ಪಿಲ್ಲ. ಬರೆದವರು ಯಾರು ಅಂತ ನನಗೆ ಆಗಲೇ ಗೊತ್ತಿತ್ತು. ಅವರಲ್ಲಿ ಒಬ್ಬ ಆಡಳಿತ ಮಂಡಳಿಯವರ ಮಗ. ಗಣಪತಿಯ ಅಪ್ಪ ಪುಟ್ಟಯ್ಯನ ಪರವಾಗಿ ಕೇಳುವವರು ಯಾರೂ ಇಲ್ಲ. ಹೆಸರು ಅವನದೇ ಇತ್ತಲ್ಲ, ಅವನನ್ನೇ ಎಳೆದೆ. "ಶಕೀಲಾನ ಹೆಸರು ಬರೀತೀಯಾ" ಅಂತ ಪ್ರತಿ ಏಟಿಗೂ ಕೂಗಿದೆ. ಮಾನ ಕಾಪಾಡುತ್ತಿದ್ದೇನೆ ಅಂತಲೇ ತಿಳಿದಿದ್ದೆ. ಗೋಡೆ ಓದದವರಿಗೂ ಅವತ್ತು ಗೊತ್ತಾಯಿತು. ಗಣಪತಿ ಮಾರನೇ ದಿನದಿಂದ ಶಾಲೆಗೆ ಬರಲಿಲ್ಲ.

ನಿನ್ನ ಅಕ್ಟೋಬರಿನ ಕಾಗದ ಬಂದಾಗ ನಡೆದದ್ದೆಲ್ಲ ಬರೆದೆ. ನಾಲ್ಕು ಪುಟ. ಹೆಡ್ಮಾಸ್ಟರಿಗೆ ತೋರಿಸಬೇಕು ಅನ್ನುವ ಬುದ್ಧಿ ಯಾಕೆ ಬಂತೋ! ಅವರು ಓದಿ, "ಇದು ಹೊರಗೆ ಹೋದ್ರೆ ವಿಚಾರಣೆ ಬರ್ತದೆ, ಮೊದಲು ಹೋಗೋದು ನಿಮ್ಮ ಕೆಲಸ" ಅಂದು ನಿನಗೆ ಬಂದ ಆ ಕಾಗದವನ್ನು ತಾವೇ ಹೇಳಿ ಬರೆಸಿದರು. ನಾನು ಸಹಿ ಹಾಕಿದೆ. "ಅವ್ರು ಹೇಳಿದ್ರೆ ನಿಮ್ಮ ಕೈ ಎಲ್ಲಿ ಹೋಗಿತ್ತು?" ಅಂತ ಸುಲೋಚನ ಕೇಳಿದಳು. ಅವತ್ತಿನಿಂದ ನನ್ನ ಹತ್ತಿರ ಬೇಕಾದಷ್ಟೇ ಮಾತಾಡುತ್ತಾಳೆ.

ಈ ಕಾಗದದ ಕೊನೆಗೆ ನನ್ನ ಪೂರ್ತಿ ಹೆಸರು, ಹುದ್ದೆ, ಸಹಿ ಇದೆ. ನಿಮ್ಮ ಜಮಾತಿಗೆ ತೋರಿಸು, ಪೇಪರಿನವರಿಗೆ ಕೊಡು, ಏನು ಬೇಕಾದರೂ ಮಾಡು. ಶಕೀಲಾ ಯಾವ ತಪ್ಪೂ ಮಾಡಿಲ್ಲ. ಗಂಟೆ ಹೊಡೆದಾಗ ಕ್ಲಾಸಿಗೆ ಹೋದಳು, ಅಷ್ಟೇ. ಅವಳಿಗೂ ಇದನ್ನು ಓದಿಸು. ನನ್ನಿಂದ ಇನ್ನೇನಾಗಬೇಕು ಹೇಳು, ಮಾಡುತ್ತೇನೆ.

ಟಿ. ಕಲ್ಲೇಶಪ್ಪ
ದೈಹಿಕ ಶಿಕ್ಷಕ


ನರಸಿಂಹರಾಜಪುರ
24 ಡಿಸೆಂಬರ್ 1978

ಕಲ್ಲೇಶಪ್ಪ,

ನಿನ್ನ ಕಾಗದ ನಿಖಾ ಆದ ಎರಡನೇ ದಿನ ಬಂತು. ಶಾಮಿಯಾನದ ಕಂಬ ಕೀಳುತ್ತಿದ್ದರು.

ಅಣ್ಣನಿಗೆ ಕೊಟ್ಟೆ. ನಿಂತುಕೊಂಡೇ ಪೂರ್ತಿ ಓದಿದ. ಆಮೇಲೆ ಕೂತು ಇನ್ನೊಂದು ಸಲ ಓದಿದ. "ಇದು ಒಂದು ತಿಂಗಳು ಮುಂಚೆ ಬಂದಿದ್ರೆ ನಾನು ಈ ಕೆಲಸ ಮಾಡ್ತಿರ್ಲಿಲ್ಲ ಜಲಾಲ" ಅಂದ. ಅಣ್ಣ ಆ ಮಾತು ಆಡುವುದು ಬೇಡವಾಗಿತ್ತು. ಅವನನ್ನು ಬೈದುಕೊಂಡಾದರೂ ಇರಬಹುದಿತ್ತು ನಾನು.

ಅವಳಿಗೂ ಓದಿಸು ಅಂತ ಬರೆದಿದ್ದೆಯಲ್ಲ, ಅದಕ್ಕೆ ಮೊನ್ನೆ ತರೀಕೆರೆಗೆ ಹೋಗಿದ್ದೆ. ಗಂಡ ಡಿಪೋಗೆ ಹೋಗಿದ್ದ. ಅತ್ತೆ ಒಳ್ಳೆಯ ಹೆಂಗಸು, ಚಾ ಕೊಟ್ಟು ನಮ್ಮಿಬ್ಬರನ್ನೇ ಬಿಟ್ಟು ಹಿತ್ತಲಿಗೆ ಹೋದಳು. ಶಕೀಲಾ ರೊಟ್ಟಿ ಲಟ್ಟಿಸುತ್ತಿದ್ದವಳು ಕೈ ಒರೆಸಿಕೊಂಡು ಒಲೆಯ ಪಕ್ಕ ಕೂತು ನಿನ್ನ ಕಾಗದ ಓದಿದಳು. ನಿಧಾನವಾಗಿ, ಪಾಠ ಓದುವ ಹಾಗೆ ಓದಿದಳು. ಭೈರಮ್ಮನ ವಿಷಯ ಬಂದಲ್ಲಿ, "ಇವಳ ಬಗ್ಗೆ ನಂಗೆ ಯಾರೂ ಹೇಳಿರ್ಲಿಲ್ಲ" ಅಂದಳು. ಗಣಪತಿಗೆ ಈಗ ಏನು ಕೆಲಸ ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ.

ಓದಿ ಮುಗಿಸಿ ಒಂದೊಂದೇ ಹಾಳೆ ಒಲೆಗೆ ಹಾಕಿದಳು. ನಾನು ಕೈ ಹಿಡಿದೆ. "ಬೇಡ ಅಬ್ಬಾ. ಈ ಮನೇಲಿ ಎಲ್ರಿಗೂ ಕನ್ನಡ ಓದೋಕೆ ಬರ್ತದೆ. ತಪ್ಪಿಲ್ಲ ಅಂತ ಬರೆದಿದ್ರೂ ಎಂತ ತಪ್ಪು ಅಂತ ಮೊದ್ಲು ಕೇಳ್ತಾರೆ" ಅಂದಳು. ನಿನ್ನ ಸಹಿ ಇದ್ದ ಹಾಳೆ ಕೊನೆಗೆ ಹೋಯಿತು.

ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿಸುತ್ತೇನೆ, ನಾನೇ ಅಳಿಯನ ಹತ್ತಿರ ಮಾತಾಡುತ್ತೇನೆ ಅಂದೆ. ಪುಸ್ತಕ ತಂದು ಕೊಡುತ್ತೇನೆ ಅಂದೆ. ಅವಳು ರೊಟ್ಟಿ ತಿರುವಿ ಹಾಕುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ನಾನು ಹೊರಡುವಾಗ ಬಾಗಿಲವರೆಗೆ ಬಂದಳು. ಅತ್ತೆ ಹಿತ್ತಲಿನಿಂದ ಬರುವವರೆಗೆ ಹೊಸ್ತಿಲು ದಾಟದೆ ಒಳಗೇ ನಿಂತಿದ್ದಳು. ಕಲ್ಲೇಶಪ್ಪ ಮೇಷ್ಟ್ರಿಗೆ ಏನಂತ ಬರೆಯಲಿ ಅಂತ ಕೇಳಿದೆ.

"ಚೆನ್ನಾಗಿದ್ದಾಳೆ ಅಂತ ಬರೀರಿ ಅಬ್ಬಾ" ಅಂದಳು. "ಅವ್ರೂ ನಿಮಗೆ ಹಾಗೇ ಬರೀತಿದ್ರಲ್ಲ."

ಶಕೀಲಾ ಚೆನ್ನಾಗಿದ್ದಾಳೆ.

ಜಲಾಲುದ್ದೀನ್